ಮೇಪಲ್ ಎಲೆಯ ಕಿಟ್, ಹುಚ್ಚೆಳ್ಳಿನ ಹೂವು

ಮೊದಲೇ ಹೇಳಿಬಿಡುತ್ತೇನೆ. ಗೋಡೆಗೆ ತೂಗುಹಾಕುವ ಚಿತ್ರವನ್ನು ಕೈಯಲ್ಲೇ ಹೊಲಿಯುವ ಈ ಕಿಟ್‌ನ ಫೆಲ್ಟ್ ಬಟ್ಟೆ ತುಂಬ ಚೆನ್ನಾಗಿದೆ. ದಾರ ಚೆನ್ನಾಗಿಲ್ಲ. ಕೋಲಂತೂ ಉಪಯೋಗಕ್ಕೇ ಬರಲಿಲ್ಲ. ಆದರೂ ಕೊಂಡಿದ್ದಕ್ಕೆ ನನಗೆ ಬೇಸರವಿಲ್ಲ.

ನಾನು ಮಂಡ್ಯದಲ್ಲಿ ಬ್ಲೌಸ್ ಹೊಲಿಯುತ್ತೇನೆ. ಹತ್ತೊಂಬತ್ತು ವರ್ಷದಿಂದ ಮಿಷನ್ ತುಳಿದು ಅಭ್ಯಾಸ. ಈ ಸಲ ನವರಾತ್ರಿಗೆ ಗೊಂಬೆ ಮೆಟ್ಟಿಲಿನ ಹಿಂದಿನ ಗೋಡೆಗೆ ಪೂರ್ತಿ ಕೈಯಲ್ಲೇ ಹೊಲಿದದ್ದು ಒಂದು ಹಾಕಬೇಕು ಅಂತ ಆಸೆಯಾಯಿತು. ಹುಡುಕುವಾಗ ಆನ್‌ಲೈನ್‌ನಲ್ಲಿ ಶರತ್ಕಾಲದ ಅಪ್ಲಿಕೆ ವಾಲ್ ಹ್ಯಾಂಗಿಂಗ್ ಕಿಟ್ ಕಣ್ಣಿಗೆ ಬಿತ್ತು. 1,380 ರೂಪಾಯಿ. ಅಪ್ಲಿಕೆ ಅಂದರೆ ಬೇರೇನಲ್ಲ, ಅಂದಕ್ಕೆ ಹಾಕುವ ತೇಪೆ. ಒಂದು ಬಟ್ಟೆಯ ಮೇಲೆ ಇನ್ನೊಂದು ಬಟ್ಟೆಯ ಆಕಾರ ಕತ್ತರಿಸಿಟ್ಟು ಅಂಚು ಹೊಲಿಯುವುದು. ಕಂಪನಿಯ ಹೆಸರು ಬರೆಯುವುದಿಲ್ಲ. ಇಂಥ ಕಿಟ್ ಬೇರೆ ಬೇರೆ ಹೆಸರಿನಲ್ಲಿ ಬರುತ್ತವೆ, ಯಾವುದು ತಗೊಂಡರೂ ಒಳಗೆ ಏನು ನೋಡಬೇಕು ಅನ್ನುವುದು ಒಂದೇ.

ಡಬ್ಬಿಯಲ್ಲಿ ಇದ್ದದ್ದು ಇಷ್ಟು. ಹಿನ್ನೆಲೆಗೆ ಕೆನೆ ಬಣ್ಣದ ಫೆಲ್ಟ್, 30 ಸೆಂ.ಮೀ. ಅಗಲ, 45 ಸೆಂ.ಮೀ. ಉದ್ದ. ಕೆಂಪು, ಕಿತ್ತಳೆ, ಸಾಸಿವೆ ಹಳದಿ, ಕಂದು, ಆಲಿವ್ ಹಸಿರಿನ ತುಂಡುಗಳು. ಆರು ಬಣ್ಣದ ದಾರ, ಎರಡು ಸೂಜಿ, ಒಂದು ಮರದ ಕೋಲು, ನಕ್ಷೆಯ ಹಾಳೆ. ನಕ್ಷೆಯಲ್ಲಿ ಮೂರು ಮೇಪಲ್ ಎಲೆ, ಒಂದು ಕುಂಬಳಕಾಯಿ, ಎರಡು ಓಕ್ ಕಾಯಿ, ಒಂದು ಅಣಬೆ.

ಫೆಲ್ಟ್ ಬಗ್ಗೆ ಸ್ವಲ್ಪ ಜಾಸ್ತಿ ಬರೆಯುತ್ತೇನೆ, ಯಾಕೆಂದರೆ ಕೊಟ್ಟ ದುಡ್ಡು ನಿಂತಿರುವುದೇ ಅದರ ಮೇಲೆ. ಫೆಲ್ಟ್ ನೇಯ್ದ ಬಟ್ಟೆಯಲ್ಲ. ಉಣ್ಣೆಯ ಎಳೆಯ ಮೇಲೆ ಕಣ್ಣಿಗೆ ಕಾಣದಷ್ಟು ಸಣ್ಣ ಹುರುಪೆಗಳಿರುತ್ತವೆ. ಬಿಸಿನೀರು, ಸೋಪು ಹಾಕಿ ಉಜ್ಜಿದರೆ ಅವು ಒಂದಕ್ಕೊಂದು ಸಿಕ್ಕಿಕೊಂಡು ಗಟ್ಟಿಯಾಗುತ್ತವೆ. ಸ್ವೆಟರನ್ನು ಬಿಸಿನೀರಲ್ಲಿ ನೆನೆಸಿದರೆ ಕುಗ್ಗಿ ದಪ್ಪಗಾಗುತ್ತದಲ್ವಾ, ಅದೇ ಕೆಲಸ. ಹಾಸು ಹೊಕ್ಕು ಇಲ್ಲದ್ದರಿಂದ ಕತ್ತರಿಸಿದ ಅಂಚಿನಲ್ಲಿ ನೂಲು ಬಿಚ್ಚುವುದಿಲ್ಲ. ಮಡಿಸಿ ಹೊಲಿಯುವ ಕೆಲಸವೂ ಇಲ್ಲ. ಹತ್ತಿ ಬಟ್ಟೆಯಲ್ಲಿ ಮೇಪಲ್ ಎಲೆಯ ಅಷ್ಟೊಂದು ಮೂಲೆಗಳನ್ನು ಒಳಗೆ ಮಡಿಸಿ ತೇಪೆ ಹಾಕಿ ನೋಡಿ, ಫೆಲ್ಟ್ ಎಂಥ ಉಪಕಾರ ಅಂತ ಗೊತ್ತಾಗುತ್ತದೆ.

ಆದರೆ ಅಂಗಡಿಗಳಲ್ಲಿ ಮಕ್ಕಳ ಪ್ರಾಜೆಕ್ಟ್‌ಗೆ ಅಂತ ಸಿಗುವ ಫೆಲ್ಟ್ ಹೆಚ್ಚಾಗಿ ಪಾಲಿಯೆಸ್ಟರ್ ಅಥವಾ ಅಕ್ರಿಲಿಕ್. ಬೇಗ ಮೇಲೆ ಗುಂಜು ಏಳುತ್ತದೆ, ಎಳೆದರೆ ಜಗ್ಗುತ್ತದೆ, ಬಿಸಿ ಇಸ್ತ್ರಿ ಇಟ್ಟರೆ ಕರಗುತ್ತದೆ. ಈ ಕಿಟ್‌ನ ಚೀಟಿಯಲ್ಲಿ ಉಣ್ಣೆ 40%, ವಿಸ್ಕೋಸ್ (ಮರದ ತಿರುಳಿನಿಂದ ಮಾಡುವ ನೂಲು) 60% ಅಂತಿತ್ತು. ನಾನು ಚೀಟಿ ನಂಬಿ ಸುಮ್ಮನಾಗಲಿಲ್ಲ. ಅಂಚಿನ ಒಂದು ಚೂರು ಕತ್ತರಿಸಿ, ಇಕ್ಕಳದಲ್ಲಿ ಹಿಡಿದು ಬೆಂಕಿಕಡ್ಡಿ ಗೀರಿದೆ. ಕೂದಲು ಸುಟ್ಟ ವಾಸನೆ ಬಂತು, ಅದರ ಜೊತೆ ಕಾಗದ ಸುಟ್ಟ ವಾಸನೆ. ಉಳಿದ ಬೂದಿ ಬೆರಳಲ್ಲಿ ಪುಡಿಯಾಯಿತು. ಪ್ಲಾಸ್ಟಿಕ್ ಆಗಿದ್ದರೆ ಕರಗಿ ಗಟ್ಟಿ ಮಣಿಯಾಗುತ್ತಿತ್ತು. ಬ್ಲೌಸ್ ಪೀಸು ಅಪ್ಪಟ ರೇಷ್ಮೆಯೋ ಅಲ್ಲವೋ ಅಂತ ಗಿರಾಕಿಗಳು ಕೇಳಿದಾಗಲೂ ನಾನು ಮಾಡುವುದು ಇದೇ ಪರೀಕ್ಷೆ. ನಮ್ಮ ಜಿಲ್ಲೆಯ ಬಂಡೂರು ಕುರಿ ಹೆಸರು ಮಾಡಿರುವುದು ಮಾಂಸಕ್ಕೆ, ಉಣ್ಣೆಗಲ್ಲ. ಇಂಥ ಬಟ್ಟೆ ಹೊರಗಿನಿಂದಲೇ ಬರಬೇಕು. ಅದಕ್ಕೇ ಬೆಲೆ ಜಾಸ್ತಿ ಅನ್ನಿಸಲಿಲ್ಲ.

ಕತ್ತರಿಸುವಾಗ ಒಂದು ಮಾತು. ಫೆಲ್ಟ್ ಮೇಲೆ ಪೆನ್ನಿನ ಗೆರೆ ನಿಲ್ಲುವುದಿಲ್ಲ, ನಿಂತರೆ ಹೋಗುವುದಿಲ್ಲ. ನಕ್ಷೆಯನ್ನು ಬಟರ್ ಪೇಪರ್ ಮೇಲೆ ಇಳಿಸಿ, ಫೆಲ್ಟ್‌ಗೆ ನಾಲ್ಕು ಕಚ್ಚಾ ಹೊಲಿಗೆ ಹಾಕಿ, ಎರಡನ್ನೂ ಒಟ್ಟಿಗೆ ಕತ್ತರಿಸಿ. ಅಂಟು ಬೇಡ. ಒಣಗಿದ ಮೇಲೆ ಆ ಜಾಗ ರಟ್ಟಿನ ಹಾಗೆ ಆಗುತ್ತದೆ, ಸೂಜಿ ಹೋಗುವುದಿಲ್ಲ.

ಅಂಚಿಗೆ ಬ್ಲಾಂಕೆಟ್ ಹೊಲಿಗೆ. ಕಾಜಾ, ಅಂದರೆ ಗುಂಡಿ ತೂರಿಸುವ ಕಂಡಿಯ ಅಂಚಿನ ಹೊಲಿಗೆ, ಹಾಕಲು ಬರುವವರಿಗೆ ಇದನ್ನು ಹೇಳಿಕೊಡುವುದೇ ಬೇಡ. ಕಾಜಾದಲ್ಲಿ ಎಳೆಗಳು ಒತ್ತೊತ್ತಾಗಿರುತ್ತವೆ, ಇಲ್ಲಿ ನಡುವೆ ಜಾಗ ಬಿಡಬೇಕು. ನಾನು 3 ಮಿ.ಮೀ. ಆಳ, 3 ಮಿ.ಮೀ. ದೂರ ಇಟ್ಟುಕೊಂಡೆ. ಎಲೆಯ ತುದಿ ಬಂದಾಗ ಒಂದೇ ರಂಧ್ರದಿಂದ ಮೂರು ಎಳೆ ತೆಗೆಯಬೇಕು. ಇಲ್ಲದಿದ್ದರೆ ತುದಿ ಏಳುತ್ತದೆ. ಒಳಗಿನ ಸಂದಿಯಲ್ಲಿ ಒಂದೇ ಎಳೆ, ಅದೂ ನೆಟ್ಟಗೆ. ಎಲೆಯ ನರಗಳನ್ನು ಹಿನ್ನೆಲೆಗೆ ಸೇರಿಸುವ ಮೊದಲೇ ಹೊಲಿದುಬಿಡಿ. ಕಿಟ್‌ನ ಹಾಳೆಯಲ್ಲಿ ಈ ಯಾವ ಮಾತೂ ಇರಲಿಲ್ಲ. ಬರೀ ಇಂಗ್ಲಿಷ್, ಅದೂ ಎಂಟು ಸಾಲು.

ಇನ್ನು ದಾರ. ಸೂಜಿಗೆ ಪೋಣಿಸಲು ಕೆಂಪು ದಾರದ ತುದಿಯನ್ನು ತುಟಿಗೆ ತಾಗಿಸಿದೆ. ಬೆರಳು ಕೆಂಪಾಯಿತು! ಒದ್ದೆ ಬಿಳಿ ಬಟ್ಟೆಯಲ್ಲಿ ಒತ್ತಿ ನೋಡಿದರೆ ಗುಲಾಬಿ ಕಲೆ. ಕೆನೆ ಬಣ್ಣದ ಹಿನ್ನೆಲೆ ಮೇಲೆ, ಹಸ್ತೆ ಮಳೆಯ ಥಂಡಿಯಲ್ಲಿ, ಆ ದಾರ ಏನು ಮಾಡುತ್ತಿತ್ತು ಅಂತ ಯೋಚಿಸಿಯೇ ಭಯವಾಯಿತು. ಕಂಪನಿಗೆ ಫೋಟೋ ಸಮೇತ ಬರೆದೆ. ಒಂಬತ್ತು ದಿನದ ಮೇಲೆ ಕ್ಷಮಿಸಿ ಅಂತ ಉತ್ತರ ಬಂತು, ದಾರ ಬರಲಿಲ್ಲ. ಇದು ನನಗೆ ನಿಜವಾಗಿ ನೋವಾದ ವಿಷಯ. ವಾರಗಟ್ಟಲೆ ಕೈಯಲ್ಲಿ ಹೊಲಿಯುವವರಿಗೆ ಮಾರುವ ವಸ್ತು ಇದು. ದಾರ ಕೆಟ್ಟರೆ ಅಷ್ಟೂ ದಿನ ಕೆಟ್ಟ ಹಾಗೆ.

ಉತ್ತರ ಬರಲಿ ಅಂತ ನಾನು ಕಾಯಲಿಲ್ಲ. ಒಂದು ಬೆಳಿಗ್ಗೆ ರೈಲು ಹತ್ತಿ ಮೈಸೂರಿಗೆ ಹೋದೆ. ಮಂಡ್ಯದಿಂದ ಸುಮಾರು 45 ಕಿ.ಮೀ. ಶಿವರಾಂಪೇಟೆಯ ಕಡೆ ಒಂದು ಸಣ್ಣ ಅಂಗಡಿಯಲ್ಲಿ ಆಂಕರ್ ಕಂಪನಿಯ ಕಸೂತಿ ದಾರದ ಡ್ರಾಯರ್‌ಗಳನ್ನೇ ಹೊರಗೆ ಎಳೆದಿಟ್ಟರು. ನಾನು ಫೆಲ್ಟ್ ಚೂರುಗಳನ್ನು ಒಯ್ದಿದ್ದೆ. ಬಾಗಿಲ ಬೆಳಕಿಗೆ ಬಂದು, ಒಂದೊಂದಾಗಿ ಪಕ್ಕದಲ್ಲಿಟ್ಟು ಬಣ್ಣ ಕೂಡಿಸಿದೆ. ಒಂದು ಲಡಿಯಲ್ಲಿ 8 ಮೀಟರ್, ಆರು ಎಳೆ. ಎರಡೆರಡು ಎಳೆ ಬಿಡಿಸಿಕೊಂಡರೆ 24 ಮೀಟರ್ ಹೊಲಿಗೆ ದಾರ. ನನ್ನ ದೊಡ್ಡ ಎಲೆಯ ಸುತ್ತಳತೆ 38 ಸೆಂ.ಮೀ. ಇತ್ತು, ಅದಕ್ಕೆ ಸುಮಾರು ಒಂದೂವರೆ ಮೀಟರ್ ಹಿಡಿಯಿತು. ಅಂದರೆ ಬಣ್ಣಕ್ಕೊಂದು ಲಡಿ ಧಾರಾಳ ಸಾಕು. ಮನೆಗೆ ಬಂದು ಒದ್ದೆ ಬಟ್ಟೆಯಲ್ಲಿ ಒತ್ತಿದೆ. ಚೂರೂ ಬಣ್ಣ ಬಿಡಲಿಲ್ಲ.

ಕಿಟ್‌ನ ಕೋಲು ನಡುವೆ ಬಾಗಿತ್ತು. ಅದೇ ದಿನ ಬಂಬೂ ಬಜಾರಿಗೂ ಹೋಗಿ ಒಂದು ಸಪೂರ ಬಿದಿರು ಕತ್ತರಿಸಿಸಿಕೊಂಡು ಬಂದೆ. ಗಿಣ್ಣು ಎರಡೂ ತುದಿಗೆ ಬರುವ ಹಾಗೆ ಕೊಟ್ಟರು, ನೇತುಹಾಕುವ ಹುರಿ ಜಾರುವುದಿಲ್ಲ.

ಈಗ ನಕ್ಷೆಯ ವಿಷಯ. ಮೇಪಲ್ ಎಲೆ ಸುಂದರವೇ. ಚಳಿ ದೇಶಗಳಲ್ಲಿ ಹಗಲು ಕಡಿಮೆಯಾದಾಗ ಎಲೆಯ ಹಸಿರು ಕರಗುತ್ತದೆ, ಒಳಗೆ ಮೊದಲೇ ಇದ್ದ ಹಳದಿ ಆಗ ಕಾಣುತ್ತದೆ. ಕೆಂಪು ಹಾಗಲ್ಲ. ಅದು ಎಲೆಯಲ್ಲಿ ಉಳಿದ ಸಕ್ಕರೆಯಿಂದ ಆ ದಿನಗಳಲ್ಲೇ ಹೊಸದಾಗಿ ಹುಟ್ಟುವ ಬಣ್ಣ. ಎಷ್ಟೋ ಎಲೆಗಳಲ್ಲಿ ಹಸಿರು ಕೊನೆಗೆ ಹೋಗುವುದು ನರದ ಹತ್ತಿರದಿಂದ. ಇದು ತಿಳಿದಿದ್ದರಿಂದ ಹಳದಿ ಎಲೆಗೆ ನಾನು ಕಂದು ಬದಲು ಹಸಿರು ದಾರದಲ್ಲಿ ನರ ಹೊಲಿದೆ. ಎಲೆಗೆ ಜೀವ ಬಂತು.

ಆದರೆ ಮೂರನೇ ಎಲೆ ಕತ್ತರಿಸುವ ಹೊತ್ತಿಗೆ ಕೈ ನಿಂತಿತು. ನಮ್ಮ ಶರದೃತು ಅಂದರೆ ಆಶ್ವಯುಜ, ಕಾರ್ತಿಕ. ಆಗ ನಮ್ಮಲ್ಲಿ ಎಲೆ ಉದುರುವುದಿಲ್ಲ. ಮಳೆ ಕುಡಿದು ಎಲ್ಲ ಹಸಿರಾಗಿರುತ್ತದೆ. ಬಾದಾಮಿ ಮರ ಕೆಂಪಾಗುವುದೂ ಆಮೇಲೆ, ಒಣ ದಿನಗಳಲ್ಲಿ. ನಮಗೆ ಈ ಕಾಲದ ಹಳದಿ ಇರುವುದು ಹೊಲದಲ್ಲಿ. ರಾಗಿಯ ನಡುವೆ ಅಕ್ಕಡಿ ಸಾಲಿನಲ್ಲಿ, ಅಂದರೆ ಜೊತೆಗೆ ಬಿತ್ತಿದ ಬೇರೆ ಬೆಳೆಯ ಸಾಲಿನಲ್ಲಿ, ಹುಚ್ಚೆಳ್ಳು ಹೂ ಬಿಟ್ಟಿರುತ್ತದೆ. ಬಸ್ಸಿನ ಕಿಟಕಿಯಿಂದ ನೋಡಿದರೂ ಅರಿಶಿನದ ಗೆರೆ ಎಳೆದ ಹಾಗೆ ಕಾಣುತ್ತದೆ. ಶರನ್ನವರಾತ್ರಿಯ ಗೊಂಬೆಗಳ ಹಿಂದೆ ಅದು ಇರಬೇಕು ಅನ್ನಿಸಿತು.

ಹಾಗಾಗಿ ಎರಡು ಮೇಪಲ್ ಎಲೆ, ಕುಂಬಳಕಾಯಿ ಉಳಿಸಿಕೊಂಡೆ. ಕುಂಬಳಕಾಯಿ ನಮಗೂ ಬೇಕಾದದ್ದೇ, ಆಯುಧಪೂಜೆಗೆ ಒಡೆಯುವ ಬೂದುಗುಂಬಳವಲ್ಲ, ಸಿಹಿಗುಂಬಳ ಅಷ್ಟೆ. ಅಣಬೆ, ಓಕ್ ಕಾಯಿ ಬಿಟ್ಟೆ. ಸಾಸಿವೆ ಹಳದಿಯಲ್ಲಿ ಹುಚ್ಚೆಳ್ಳಿನ ಏಳು ಹೂ ಕತ್ತರಿಸಿದೆ, ಒಂದೊಂದಕ್ಕೆ ಎಂಟು ಎಸಳು. ನಡುವೆ ಕಿತ್ತಳೆ ದಾರದ ಗಂಟು ಹೊಲಿಗೆ. ಆಲಿವ್ ಹಸಿರಲ್ಲಿ ರಾಗಿ ತೆನೆ, ಬೆರಳು ಮಡಚಿದ ಹಾಗೆ ಐದು ಪಟ್ಟಿ, ಮೇಲೆಲ್ಲ ಕಂದು ಗಂಟು. ಬನ್ನಿ ಎಲೆ ಫೆಲ್ಟ್‌ನಲ್ಲಿ ಕತ್ತರಿಸಲು ಆಗದು, ಅಷ್ಟು ಸಣ್ಣದು. ಅದನ್ನು ದಾರದಲ್ಲೇ, ಸರಪಳಿ ಹೊಲಿಗೆಯ ಬಿಡಿ ಕೊಂಡಿಗಳಲ್ಲಿ ಕಡ್ಡಿಯ ಎರಡೂ ಕಡೆ ಹಾಕಿದೆ. ನನಗೆ ಎಲ್ಲಕ್ಕಿಂತ ಇಷ್ಟವಾದ ಭಾಗ ಅದು.

ಹಿಂದೆ ಕೋರಾ ಬಟ್ಟೆಯ ಲೈನಿಂಗ್ ಕೊಡಿ. ಕಿಟ್‌ನಲ್ಲಿ ಅದಿಲ್ಲ. ಇಲ್ಲದಿದ್ದರೆ ಮೇಲಿನ ಭಾರಕ್ಕೆ ಫೆಲ್ಟ್ ನಿಧಾನವಾಗಿ ಜೋತು ಬೀಳುತ್ತದೆ. ಕೋಲಿನ ಜೇಬನ್ನು ಎರಡೂ ಬಟ್ಟೆ ಸೇರಿಸಿ ಹೊಲಿಯಬೇಕು. ಇಸ್ತ್ರಿ ಬೇಕಾದರೆ ಕಡಿಮೆ ಬಿಸಿ, ಮೇಲೊಂದು ಹತ್ತಿ ಬಟ್ಟೆ. ತೆಗೆದಿಡುವಾಗ ನುಸಿಗುಳಿಗೆ ಮರೆಯಬೇಡಿ, ಉಣ್ಣೆ ಹುಳಕ್ಕೆ ಇಷ್ಟ.

ಸಂಜೆ ಒಂದೂವರೆ ಗಂಟೆಯಂತೆ ಹದಿಮೂರು ದಿನ ಹಿಡಿಯಿತು. ದಸರಾ ಬ್ಲೌಸ್‌ಗಳ ನಡುವೆ ಅಷ್ಟೇ ಸಿಕ್ಕಿದ್ದು.

ಐದಕ್ಕೆ ಮೂರು ಕೊಡುತ್ತೇನೆ, ಮೂರೂ ಫೆಲ್ಟ್‌ಗೆ. ಹೊಸದಾಗಿ ಕಲಿಯುವವರು ಈ ಕಿಟ್ ನಂಬಿ ಕೂರಬೇಡಿ, ಹಾಳೆ ನೋಡಿ ಕಲಿಯಲಾಗದು. ಹೊಲಿಗೆ ಬರುವವರು ಬರೀ ಉಣ್ಣೆ ಫೆಲ್ಟ್ ಹಾಳೆ ತರಿಸಿ, ದಾರ ನೀವೇ ಬಣ್ಣ ನೋಡಿ ಕೊಳ್ಳಿ. ಮುಂದಿನ ವರ್ಷ ನಾನೂ ಹಾಗೇ ಮಾಡುತ್ತೇನೆ.

ಕೊನೆಯ ಎಳೆ ಹಾಕಿದ್ದು ದುರ್ಗಾಷ್ಟಮಿಯ ರಾತ್ರಿ. ಮಾರನೇ ದಿನ ಆಯುಧಪೂಜೆ, ಸೂಜಿ ಕತ್ತರಿ ಮುಟ್ಟುವ ಹಾಗಿಲ್ಲ. ಮಿಷನ್‌ಗೆ ಕುಂಕುಮ ಇಟ್ಟು, ಉಳಿದಿದ್ದ ಕಂದು ಫೆಲ್ಟ್ ತುಂಡಿಗೆ ಆ ಎರಡು ಸೂಜಿಗಳನ್ನು ಚುಚ್ಚಿ, ಪಕ್ಕದಲ್ಲಿ ಪೂಜೆಗೆ ಇಟ್ಟೆ.