ವಿಮ್ ರಿಜಿಸ್ಟರ್: ತುಂಬೋದು ಸುಲಭ, ತೊಳೆಯೋದು?

ಮೊನ್ನೆ ವಿಮ್ ಅನ್ನೋ ಟೆಕ್ಸ್ಟ್ ಎಡಿಟರ್‌ನಲ್ಲಿ ರಿಜಿಸ್ಟರ್ (ಕಾಪಿ ಮಾಡಿದ್ದನ್ನು ಇಟ್ಟುಕೊಳ್ಳೋ ಡಬ್ಬಿ) ಪಟ್ಟಿ ತೆಗೆದರೆ, ಹೋದ ವಾರ ಕಾಪಿ ಮಾಡಿದ್ದ ಡೇಟಾಬೇಸ್ ಪಾಸ್‌ವರ್ಡ್ 'ಎ' ಒಳಗೆ ಆರಾಮಾಗಿ ಕೂತಿತ್ತು. ಎ ಇಂದ ಝಡ್‌ವರೆಗೆ 26 ಡಬ್ಬಿ, ಜೊತೆಗೆ ನಂಬರಿನವು 10. ಇಷ್ಟೆಲ್ಲ ಕೊಟ್ಟು, ಒಟ್ಟಿಗೆ ತೊಳೆಯೋಕೆ ಒಂದು ಕಮಾಂಡ್ ಕೊಟ್ಟಿಲ್ಲ! ಒಂದೊಂದಾಗಿ ಆದರೆ ಸಲೀಸು. ಕ್ಯೂ, ಎ, ಕ್ಯೂ ಒತ್ತಿದರೆ ಸುಮ್ನೆ 'ಎ' ಒಳಗೆ ಖಾಲಿ ಮ್ಯಾಕ್ರೋ (ಒತ್ತಿದ ಕೀಗಳ ರೆಕಾರ್ಡಿಂಗ್) ರೆಕಾರ್ಡ್ ಆಗಿ ಹಳೆಯದು ಮಾಯ. ಈ ಉಪಾಯ ನನಗೆ ಜಾಸ್ತಿ ಇಷ್ಟ. ಆದರೆ ವಿಮ್ ಮುಚ್ಚುವಾಗ ರಿಜಿಸ್ಟರ್‌ಗಳನ್ನು ವಿಮ್‌ಇನ್ಫೋ ಫೈಲಿಗೆ ಬರೆದಿಡುತ್ತದೆ, ಅದಕ್ಕೇ ಲ್ಯಾಪ್‌ಟಾಪ್ ಎಷ್ಟು ಸಲ ರೀಸ್ಟಾರ್ಟ್ ಮಾಡಿದರೂ ಪಾಸ್‌ವರ್ಡ್ ಅಲ್ಲೇ ಇತ್ತು. ಕೊನೆಗೆ ಎಡಿಟರ್ ಮುಚ್ಚಿ ಆ ಫೈಲನ್ನೇ ಅಳಿಸಿದೆ. ಹುಡುಕಾಟದ ಹಿಸ್ಟರಿಯೂ ಜೊತೆಗೇ ಹೋಯಿತು, ಹೋಗಲಿ ಬಿಡಿ. ಐದಕ್ಕೆ ಮೂರೂವರೆ ಸ್ಟಾರ್.