ಮಾರುವವನ ಲ್ಯಾಪ್‌ಟಾಪ್‌ನಲ್ಲಿ ಮಿಡಿ ಕೀಬೋರ್ಡ್ ಟೆಸ್ಟ್ ಮಾಡಬೇಡಿ

ಸೆಕೆಂಡ್ ಹ್ಯಾಂಡ್ ಮಿಡಿ ಕಂಟ್ರೋಲರ್ (ಲ್ಯಾಪ್‌ಟಾಪ್‌ಗೆ ಸೇರಿಸಿ ನುಡಿಸುವ ಕೀಬೋರ್ಡ್) ತಗೊಳ್ಳಲು ಹೊರಟವರು ದಯವಿಟ್ಟು ಇದನ್ನು ಓದಿ, ಆಮೇಲೆ ದುಡ್ಡು ಕೊಡಿ. ನನ್ನ ಒಂಬತ್ತು ಸಾವಿರ ಹೋಯಿತು. ಅದಕ್ಕಿಂತ ಜಾಸ್ತಿ ಹೊಟ್ಟೆ ಉರಿಯುತ್ತಿರುವುದು ಮಾರಿದವನು ಮೋಸ ಮಾಡಿದ ರೀತಿಗೆ. ಕೆಟ್ಟಿದೆ ಅಂತ ಹೇಳಿ ಕಡಿಮೆಗೆ ಕೊಟ್ಟಿದ್ದರೆ ನಾನೇ ತಗೊಂಡು ರಿಪೇರಿ ಮಾಡಿಸಿಕೊಳ್ಳುತ್ತಿದ್ದೆ. ಈ ಮನುಷ್ಯ ಕೂತು, ಟೈಮ್ ತಗೊಂಡು, ಮೋಸಕ್ಕೆ ಅಂತಲೇ ಮ್ಯೂಸಿಕ್ ಸಾಫ್ಟ್‌ವೇರ್‌ನಲ್ಲಿ ಒಂದು ಪ್ರಾಜೆಕ್ಟ್ ಫೈಲ್ ತಯಾರು ಮಾಡಿ ಇಟ್ಟುಕೊಂಡಿದ್ದಾನೆ.

ನಾನು ತುಮಕೂರಿನವನು. ಸುಗಮ ಸಂಗೀತದ ಕಾರ್ಯಕ್ರಮಗಳಿಗೆ ಕೀಬೋರ್ಡ್ ನುಡಿಸುತ್ತೇನೆ. ಕೊಳಲು, ವಯಲಿನ್, ಶೆಹನಾಯಿ ಎಲ್ಲವೂ ಲ್ಯಾಪ್‌ಟಾಪ್‌ನಿಂದಲೇ ಬರಬೇಕು. ಹಾಗಾಗಿ ನನಗೆ ಕೀಗಳಷ್ಟೇ ಮುಖ್ಯ ಅದರ ಕಂಟ್ರೋಲ್‌ಗಳು. ಪಿಚ್ ವೀಲ್ ಸರಿಯಿಲ್ಲ ಅಂದರೆ ಕೊಳಲಿನಲ್ಲಿ ಒಂದು ಜಾರು, ಒಂದು ಗಮಕ ಬರುವುದಿಲ್ಲ. ಮಾಡ್ ವೀಲ್‌ನಲ್ಲಿ ವೈಬ್ರೇಟೊ (ಸ್ವರದ ನಡುಕ), ನಾಬ್‌ಗಳಲ್ಲಿ ಎಕ್ಸ್‌ಪ್ರೆಶನ್ (ಜೋರು-ಮೆತ್ತಗೆ), ಫಿಲ್ಟರ್ (ಸೌಂಡ್ ಮಂಕು-ಸ್ಪಷ್ಟ), ರಿವರ್ಬ್ (ಪ್ರತಿಧ್ವನಿ). ಕಂಟ್ರೋಲರ್‌ಗೆ ಸ್ವಂತ ಸೌಂಡ್ ಇರುವುದಿಲ್ಲ, ಅದು ಬರೀ ನಂಬರ್ ಕಳಿಸುತ್ತದೆ ಅನ್ನುವುದು ನಿಮಗೆ ಗೊತ್ತೇ ಇದೆ. ಅವನು ಹಿಡಿದುಕೊಂಡಿದ್ದು ಇದನ್ನೇ. ಸೌಂಡ್ ಬರುವುದು ಅವನ ಲ್ಯಾಪ್‌ಟಾಪ್‌ನಿಂದ, ಅಲ್ವಾ? ಅಲ್ಲಿ ಅವನು ಏನು ಬೇಕಾದರೂ ಕೇಳಿಸಬಹುದು.

ಬೆಂಗಳೂರಿನಲ್ಲಿ ಅವನ ರೂಮಿಗೆ ಹೋದೆ. 49 ಕೀ, 8 ನಾಬ್, ನೋಡಲು ಹೊಸದರ ಹಾಗೆ. ಲ್ಯಾಪ್‌ಟಾಪ್ ಆನ್ ಆಗಿತ್ತು, ಪ್ರಾಜೆಕ್ಟ್ ಓಪನ್ ಆಗಿತ್ತು, ಸ್ಪೀಕರ್ ರೆಡಿ. "ಟ್ರ್ಯಾಕ್ ಪ್ಲೇ ಮಾಡ್ತೀನಿ ಸಾರ್, ಬೀಟ್ ಜೊತೆ ಕೇಳಿದ್ರೆ ನಾಬ್ ಕೆಲಸ ಚೆನ್ನಾಗಿ ಗೊತ್ತಾಗುತ್ತೆ" ಅಂದ. ಮೊದಲನೇ ನಾಬ್ ತಿರುಗಿಸಿದ. ಸ್ಕ್ರೀನ್ ಮೇಲೆ ಫಿಲ್ಟರ್ ಮೆಲ್ಲಗೆ ತಿರುಗಿತು, ಸೌಂಡ್ ತೆರೆದುಕೊಂಡಿತು. ಎರಡನೇದಕ್ಕೆ ರಿವರ್ಬ್ ಏರಿತು. ಆಮೇಲೆ ನನ್ನ ಕೈಗೇ ಕೊಟ್ಟ. "ಈಗ ತಿರುಗಿಸಿ ಸಾರ್... ಹಾಂ, ಈಗ." ತಿರುಗಿಸಿದೆ, ಫಿಲ್ಟರ್ ಓಪನ್ ಆಯಿತು. ನನ್ನ ಕೈಯಲ್ಲೇ ಆಯಿತು!

ಆ "ಈಗ" ಅನ್ನುವ ಮಾತು ನೆನಪಿಟ್ಟುಕೊಳ್ಳಿ.

ಕೀ ನೋಡೋಣ ಅಂದಾಗ ಪಿಯಾನೊ ಸೌಂಡ್ ಹಾಕಿಕೊಟ್ಟ. ಎಲ್ಲ ಕೀ ಸರಿಯಾಗಿತ್ತು, ಮೆತ್ತಗೆ ಒತ್ತಿದರೂ ಜೋರಾಗಿ ಒತ್ತಿದರೂ. ಪಿಚ್ ವೀಲ್ ದೂಡಿದೆ, ಏನೂ ಆಗಲಿಲ್ಲ. "ಪಿಯಾನೊ ಅಲ್ವಾ ಸಾರ್, ಬೆಂಡ್ ರೇಂಜ್ ಸೊನ್ನೆ ಇಟ್ಟಿರ್ತೀನಿ" ಅಂದ. ಬೆಂಡ್ ರೇಂಜ್ ಅಂದರೆ ವೀಲ್ ಸ್ವರವನ್ನು ಎಷ್ಟು ದೂರ ಜಾರಿಸಬಹುದು ಅನ್ನುವ ಅಳತೆ, ಪಿಯಾನೊಗೆ ಅದನ್ನು ಸೊನ್ನೆ ಇಡುವವರು ಬೇಕಾದಷ್ಟು ಜನ ಇದ್ದಾರೆ. ಆಮೇಲೆ ಟ್ರ್ಯಾಕ್‌ನಲ್ಲಿದ್ದ ಲೀಡ್ ಜೊತೆ ತಾನೇ ವೀಲ್ ಆಡಿಸಿ ತೋರಿಸಿದ. ಸ್ವರ ಸೊಗಸಾಗಿ ಜಾರಿತು. ದುಡ್ಡು ಕೊಟ್ಟೆ. "ಈ ಪ್ರಾಜೆಕ್ಟೂ ಇಟ್ಕೊಳ್ಳಿ ಸಾರ್, ಮ್ಯಾಪಿಂಗ್ ಎಲ್ಲ ಇದೆ" ಅಂತ, ಅಂದರೆ ಯಾವ ನಾಬ್ ಏನನ್ನು ತಿರುಗಿಸಬೇಕು ಅನ್ನುವ ಜೋಡಣೆ ಇದೆ ಅಂತ, ಪೆನ್‌ಡ್ರೈವ್‌ಗೆ ಹಾಕಿಕೊಟ್ಟ. ಅದೊಂದೇ ಅವನು ಮಾಡಿದ ಎಡವಟ್ಟು.

ಮೊದಲ ರಿಹರ್ಸಲ್‌ನಲ್ಲೇ ಮಾನ ಹೋಯಿತು. ಹಾಡುವ ಹುಡುಗಿ ಪಲ್ಲವಿ ಎತ್ತಿಕೊಂಡು ನಿಲ್ಲಿಸಿದಳು. "ಅಣ್ಣ, ಕೊಳಲು ಯಾಕೋ ಶ್ರುತಿ ಸೇರ್ತಿಲ್ಲ." ಶ್ರುತಿ ಪೆಟ್ಟಿಗೆ ನೋಡಿದರು, ಸರಿ ಇತ್ತು. ತಬಲಾದವರು ಪಾಪ, ತಮ್ಮದೇ ತಪ್ಪಿರಬೇಕು ಅಂತ ಸುತ್ತಿಗೆ ತಗೊಂಡು ಮತ್ತೆ ಶ್ರುತಿ ಮಾಡಲು ಕೂತರು. ಮತ್ತೆ ಶುರು, ಮತ್ತೆ ಅದೇ. ಆಮೇಲೆ ಎಲ್ಲರೂ ನನ್ನ ಕಡೆ ನೋಡಿದರು. ಇಷ್ಟು ವರ್ಷದಿಂದ ನುಡಿಸುತ್ತಿದ್ದೇನೆ, ಶ್ರುತಿ ಸರಿಯಿಲ್ಲ ಅಂತ ನನಗೆ ಯಾರೂ ಅಂದಿರಲಿಲ್ಲ. ತಲೆ ಎತ್ತಲು ಆಗಲಿಲ್ಲ.

ರಾತ್ರಿ ಮನೆಯಲ್ಲಿ ಮಿಡಿ ಮಾನಿಟರ್ ಹಾಕಿ ನೋಡಿದೆ. ಕೀಬೋರ್ಡ್ ಏನು ಕಳಿಸುತ್ತದೋ ಅದನ್ನು ಹಾಗೆ ಹಾಗೇ ತೋರಿಸುವ ಸಣ್ಣ ಪ್ರೋಗ್ರಾಂ ಅದು. ಪಿಚ್ ಬೆಂಡ್ 0ಯಿಂದ 16383ರ ತನಕ ಹೋಗುತ್ತದೆ, ಕೈಬಿಟ್ಟಾಗ ನಡುವಿನ 8192ಕ್ಕೆ ಬಂದು ನಿಲ್ಲಬೇಕು. ನನ್ನದು ಕೈ ಮುಟ್ಟದೆ 7400ರ ಸುತ್ತಮುತ್ತ ತೂಗಾಡುತ್ತಿತ್ತು. ಬೆಂಡ್ ರೇಂಜ್ ಎರಡು ಸೆಮಿಟೋನ್ ಇದ್ದರೆ ಇದು ಹೆಚ್ಚುಕಡಿಮೆ 20 ಸೆಂಟ್ ಇಳಿದ ಹಾಗೆ. ಒಂದು ಸೆಮಿಟೋನ್‌ನ ಐದನೇ ಒಂದು ಭಾಗ! ಹಾಡುವವರ ಕಿವಿಗೆ ಹೊಡೆಯದೆ ಇರುತ್ತಾ? ಮೊದಲನೇ ನಾಬ್ ತಿರುಗಿಸಿದರೆ ಒಂದು ಸಾಲೂ ಬರಲಿಲ್ಲ, ಸತ್ತಿದೆ. ಮೂರನೇದನ್ನು ನಿಧಾನವಾಗಿ ಏರಿಸಿದರೆ 40, 41, 97, 12, 43. ಮಾಡ್ ವೀಲ್ ಪೂರ್ತಿ ಕೆಳಗಿಳಿಸಿದರೂ 9ಕ್ಕೆ ನಿಂತುಬಿಡುತ್ತದೆ, ಸೊನ್ನೆಗೆ ಬರುವುದೇ ಇಲ್ಲ. ಅಂದರೆ ವೈಬ್ರೇಟೊ ಯಾವಾಗಲೂ ಸ್ವಲ್ಪ ಇದ್ದೇ ಇರುತ್ತದೆ.

ಹಾಗಾದರೆ ಅವನ ರೂಮಿನಲ್ಲಿ ಮೊದಲನೇ ನಾಬ್ ಹೇಗೆ ಕೆಲಸ ಮಾಡಿತು? ಪೆನ್‌ಡ್ರೈವ್ ಹಾಕಿ ಅವನ ಪ್ರಾಜೆಕ್ಟ್ ತೆರೆದೆ. ಕೀಬೋರ್ಡ್ ಕೇಬಲ್ ಕಿತ್ತು ಪಕ್ಕಕ್ಕಿಟ್ಟು ಪ್ಲೇ ಒತ್ತಿದೆ.

ಫಿಲ್ಟರ್ ತಾನೇ ತಿರುಗಿತು. ಅದೇ ಜಾಗದಲ್ಲಿ, ಅವನು "ಈಗ" ಅಂದ ಜಾಗದಲ್ಲೇ. ಆಮೇಲೆ ರಿವರ್ಬ್ ಏರಿತು. ಲೀಡ್‌ನ ಸ್ವರವೂ ಜಾರಿತು. ಎಲ್ಲ ಆಟೊಮೇಶನ್! ಯಾವುದು ಯಾವಾಗ ತಾನಾಗಿ ತಿರುಗಬೇಕು ಅನ್ನುವ ಗೆರೆಗಳನ್ನು ಮೊದಲೇ ಬರೆದಿಟ್ಟಿದ್ದ, ಪಿಚ್ ಬೆಂಡ್ ಮೊದಲೇ ರೆಕಾರ್ಡ್ ಆಗಿತ್ತು. ಕೀಬೋರ್ಡ್ ಸೇರಿಸದೆಯೇ ಎಲ್ಲ ನಡೆಯಿತು. ಪಿಯಾನೊಗೆ ಬೆಂಡ್ ರೇಂಜ್ ಸೊನ್ನೆ ಇಟ್ಟಿದ್ದು ಯಾಕೆ ಅಂತಲೂ ಆಗ ಅರ್ಥವಾಯಿತು, ವೀಲ್ ಇಳಿದಿರುವುದು ನನ್ನ ಕಿವಿಗೆ ಬೀಳಬಾರದು. ಆ ಸ್ಕ್ರೀನ್ ನೋಡುತ್ತಾ ಕೂತಿದ್ದಾಗ ಆದ ಸಿಟ್ಟು ಇನ್ನೂ ಇಳಿದಿಲ್ಲ. ನನ್ನ ಕೈಯನ್ನೇ ಹಿಡಿದು ನನಗೇ ಸುಳ್ಳು ತೋರಿಸಿದ್ದಾನೆ.

ಮೆಸೇಜ್ ಮಾಡಿದೆ. ಅವನ ಉತ್ತರಗಳನ್ನು ಓದಿ, ನಿಮಗೂ ಇವೇ ಬರುತ್ತವೆ.

ಮೊದಲು: "ಸಾರ್ ಅದು ಮ್ಯಾಪಿಂಗ್ ಪ್ರಾಬ್ಲಂ, ಮಿಡಿ ಲರ್ನ್ ಮಾಡ್ಕೊಳ್ಳಿ." ಮಿಡಿ ಲರ್ನ್ ಅಂದರೆ ನಾಬ್ ತಿರುಗಿಸಿ ಸಾಫ್ಟ್‌ವೇರ್‌ಗೆ ಹೊಸದಾಗಿ ಜೋಡಿಸುವುದು. ಮಾನಿಟರ್‌ನಲ್ಲೇ ನಂಬರ್ ಬರುತ್ತಿಲ್ಲ, ಯಾವುದನ್ನ ಮ್ಯಾಪ್ ಮಾಡಲಿ? ನಂಬರ್ ಬಂದು ಸಾಫ್ಟ್‌ವೇರ್ ಕೇಳಿಸಿಕೊಳ್ಳದಿದ್ದರೆ ಅದು ಮ್ಯಾಪಿಂಗ್. ನಂಬರೇ ಬರದಿದ್ದರೆ ತೊಂದರೆ ಕೀಬೋರ್ಡ್‌ನದು.

ಆಮೇಲೆ: "ನಾಬ್ ಜಂಪ್ ಆಗೋದು ನಾರ್ಮಲ್ ಸಾರ್, ಪಿಕಪ್ ಮೋಡ್ ಹಾಕಿ." ಇದರಲ್ಲಿ ಅರ್ಧ ನಿಜ ಇದೆ, ಅದಕ್ಕೇ ಜನ ನಂಬುತ್ತಾರೆ. ನಾಬ್ ಇರುವ ಜಾಗ ಬೇರೆ, ಸ್ಕ್ರೀನ್‌ನಲ್ಲಿರುವ ಜಾಗ ಬೇರೆ ಆಗಿದ್ದರೆ ಮೊದಲ ಸಲ ಮುಟ್ಟಿದಾಗ ಜಂಪ್ ಆಗುತ್ತದೆ, ಎರಡೂ ಕೂಡುವ ತನಕ ಕಾಯುವುದೇ ಪಿಕಪ್ ಮೋಡ್. ಮಾನಿಟರ್‌ನಲ್ಲಿ 41 ಆದಮೇಲೆ 97, ಆಮೇಲೆ 12 ಬರುವುದಕ್ಕೂ ಅದಕ್ಕೂ ಯಾವ ಸಂಬಂಧವೂ ಇಲ್ಲ.

ಆಮೇಲೆ ಕೇಬಲ್ ಬದಲಾಯಿಸಿ ಅಂದ. ಬದಲಾಯಿಸಿದೆ. ಫ್ಯಾಕ್ಟರಿ ರಿಸೆಟ್ ಮಾಡಿ ಅಂದ. ಮಾಡಿದೆ. ನಿಮ್ಮ ಲ್ಯಾಪ್‌ಟಾಪೇ ಸರಿಯಿಲ್ಲ ಅಂದ. ಆಟೊಮೇಶನ್ ಗೆರೆಗಳ ಸ್ಕ್ರೀನ್‌ಶಾಟ್ ಕಳಿಸಿದೆ. ಆಗ "ಸಾರ್" ಹೋಗಿ "ಗುರು" ಆಯಿತು. "ಗುರು, ಸೆಕೆಂಡ್ ಹ್ಯಾಂಡ್ ಅಂದ್ರೆ ಹೀಗೇ. ನೀನೇ ಟೆಸ್ಟ್ ಮಾಡಿ ತಗೊಂಡು ಹೋಗಿದ್ದು." ಅಷ್ಟೇ, ಬ್ಲಾಕ್. ಕೀಬೋರ್ಡ್ ಜೊತೆ ಸಾಫ್ಟ್‌ವೇರ್ ಲೈಸೆನ್ಸ್ ಫ್ರೀ ಅಂದಿದ್ದ, ಅದೂ ಸುಳ್ಳು. ಸೀರಿಯಲ್ ನಂಬರ್ ಆಗಲೇ ಬೇರೆಯವರ ಹೆಸರಿನಲ್ಲಿ ರಿಜಿಸ್ಟರ್ ಆಗಿದೆ.

ಇಲ್ಲಿನ ರಿಪೇರಿಯವರು ತೆರೆದು ತೋರಿಸಿದರು. ನಾಬ್‌ಗಳ ಕೆಳಗೆ ಬೋರ್ಡ್ ಮೇಲೆ ಕಂದು ಬಣ್ಣದ ಅಂಟು ಕಲೆ, ಕಾಫಿಯೋ ಟೀಯೋ ಚೆಲ್ಲಿದ್ದು. ಮೇಲಿನ ಪ್ಲಾಸ್ಟಿಕ್ಕನ್ನು ಮಾತ್ರ ಉಜ್ಜಿ ಫಳಫಳ ಮಾಡಿದ್ದಾನೆ. ಕಾಂಟ್ಯಾಕ್ಟ್ ಕ್ಲೀನರ್ ಹೊಡೆದಮೇಲೆ ಮೂರನೇ ನಾಬ್ ಸುಮಾರಾಗಿ ಸರಿಹೋಯಿತು. ವೀಲ್‌ಗೆ ಪಾಟ್ (ಅದು ತಿರುಗಿದ್ದನ್ನು ಅಳೆಯುವ ಒಳಗಿನ ಬಿಡಿಭಾಗ) ಬದಲಾಯಿಸಬೇಕಂತೆ, ಅದೇ ಅಳತೆಯದು ಸಿಗಬೇಕು.

ನೀವು ಮಾಡಬೇಕಾದ್ದು ಇಷ್ಟೇ. ನಿಮ್ಮ ಲ್ಯಾಪ್‌ಟಾಪ್ ತಗೊಂಡು ಹೋಗಿ. ವಿಂಡೋಸ್‌ಗೆ ಮಿಡಿ-ಆಕ್ಸ್, ಮ್ಯಾಕ್‌ಗೆ ಮಿಡಿ ಮಾನಿಟರ್ ಇದೆ, ಎರಡಕ್ಕೂ ಆಗುವ ಪ್ರೋಟೊಕಾಲ್ ಕೂಡ ಇದೆ. ಸೌಂಡ್ ಬೇಡವೇ ಬೇಡ, ನಂಬರ್ ನೋಡಿ. ಪ್ರತಿ ನಾಬ್, ಪ್ರತಿ ಫೇಡರ್ (ಮೇಲೆ ಕೆಳಗೆ ಜಾರಿಸುವ ಕಂಟ್ರೋಲ್) 0ಯಿಂದ 127ರ ತನಕ ಮೆಟ್ಟಿಲು ಹತ್ತಿದ ಹಾಗೆ ಹೋಗಬೇಕು, ಹಾಗೇ ಇಳಿಯಬೇಕು. ತಿರುಗಿಸಿದಷ್ಟೂ ತಿರುಗುತ್ತಲೇ ಇರುವ ನಾಬ್ ಆದರೆ ಬೇರೆ ಥರ ಕಳಿಸಬಹುದು, ಒಂದು ಕಡೆಗೆ 1, ಇನ್ನೊಂದು ಕಡೆಗೆ 127 ಹೀಗೆ, ಅದಕ್ಕೆ ಗಾಬರಿ ಬೇಡ. ಎರಡೂ ಕೈ ತೆಗೆದು ಸುಮ್ನೆ ಕೂತಾಗ ಸ್ಕ್ರೀನ್ ಕೂಡ ಸುಮ್ನಿರಬೇಕು. ಪೆಡಲ್ ಜ್ಯಾಕ್‌ಗೆ ಒಂದು ಸಸ್ಟೇನ್ ಪೆಡಲ್ (ಸ್ವರ ಹಿಡಿದಿಡುವ ಪೆಡಲ್) ಹಾಕಿ, ಒತ್ತಿ ಬಿಟ್ಟಾಗ 64ನೇ ಕಂಟ್ರೋಲ್ ಬದಲಾಗುತ್ತಾ ನೋಡಿ. ಮಾರುವವನು "ಬೀಟ್ ಜೊತೆ ಕೇಳಿ" ಅಂದರೆ ಬೇಡ ಅನ್ನಿ. ಟ್ರ್ಯಾಕ್ ನಿಲ್ಲಿಸಲು ಒಪ್ಪದಿದ್ದರೆ ಎದ್ದು ಬನ್ನಿ.

ನಿನ್ನೆ ಗೆಳೆಯನ ಫೋನಿನಲ್ಲಿ ನೋಡಿದೆ, ಅವನ ಹೊಸ ಜಾಹೀರಾತು ಬಂದಿದೆ. ಈ ಸಲ 61 ಕೀ, 9 ಫೇಡರ್. ಫೋಟೊದಲ್ಲಿ ಅದೇ ಟೇಬಲ್, ಅದೇ ಸ್ಪೀಕರ್, ಲ್ಯಾಪ್‌ಟಾಪ್‌ನಲ್ಲಿ ಅದೇ ಪ್ರಾಜೆಕ್ಟ್ ತೆರೆದಿದೆ. ಬೆಂಗಳೂರಿನಲ್ಲಿ ಯಾರಾದರೂ ನೋಡಲು ಹೋಗುತ್ತಿದ್ದರೆ ಮೊದಲು ಆ ಲ್ಯಾಪ್‌ಟಾಪ್‌ನಿಂದ ಕೇಬಲ್ ಕೀಳಿ, ಆಮೇಲೆ ಮಾತಾಡಿ.