ತಾರೀಖು ಸರಿಯಿಲ್ಲದ ಫೈಲಿಗೆ ಪಾಂಡಾಸ್‌ನ ರೈಸ್ (raise) ಒಳ್ಳೇದಾ, ಕೊಯರ್ಸ್ (coerce) ಒಳ್ಳೇದಾ?

ಕೋಲಾರದ ಟೊಮ್ಯಾಟೊ ಮಂಡಿಯೊಂದರ ಲೆಕ್ಕದ ಸಿಎಸ್‌ವಿ ಫೈಲ್ ಕೈಗೆ ಬಂತು. ತಾರೀಖಿನ ಕಾಲಂನಲ್ಲಿ ಕೆಲವು ಖಾಲಿ, ಕೆಲವು ಕಡೆ ಬರೀ ಅಡ್ಡಗೆರೆ, ಒಂದು ಕಡೆ ‘ನಿನ್ನೇದು’!

ಪಾಂಡಾಸ್ ಅಂದರೆ ಇಂಥ ಪಟ್ಟಿಗಳನ್ನು ಸಂಭಾಳಿಸುವ ಪೈಥಾನ್ ಲೈಬ್ರರಿ. ಬರಹವನ್ನು ತಾರೀಖು ಮಾಡುವ ಅದರ to_datetimeಗೆ, ಅರ್ಥವಾಗದ್ದು ಸಿಕ್ಕರೆ ಏನು ಮಾಡಬೇಕು ಅಂತ errors ಆಯ್ಕೆಯಲ್ಲಿ ಹೇಳಬಹುದು. ರೈಸ್, ಕೊಯರ್ಸ್ ಅದರವೇ. ಖಾಲಿ ಜಾಗ ಪಾಂಡಾಸ್‌ಗೆ ತೊಂದರೆಯೇ ಅಲ್ಲ. ಸುಮ್ನೆ ‘ನ್ಯಾಟ್’ (NaT) ಮಾಡುತ್ತದೆ, ಅಂದರೆ ತಾರೀಖು ಇಲ್ಲ ಅಂತ. ಜಗಳ ಇರೋದು ಅಡ್ಡಗೆರೆ, ‘ನಿನ್ನೇದು’ ಜೊತೆ. ನೀವು ಏನೂ ಹೇಳದಿದ್ದರೆ ರೈಸ್: ಅಂಥದ್ದು ಸಿಕ್ಕಿದ ತಕ್ಷಣ ಎರರ್ ಕೊಟ್ಟು ನಿಲ್ಲುತ್ತದೆ. ಕಿರಿಕಿರಿ, ಆದರೆ ಏನನ್ನೂ ಮುಚ್ಚಿಡಲ್ಲ.

ಕೊಯರ್ಸ್ ಕೊಟ್ಟರೆ ಅರ್ಥವಾಗದ್ದೆಲ್ಲ ನ್ಯಾಟ್. ಹಾಯಾಗಿದೆ ಅಲ್ವಾ? ನಾನು ಏಮಾರಿದ್ದು ಇಲ್ಲೇ. ಮೊದಲ ಸಾಲು 03/04/2024. ಅದನ್ನು ನೋಡಿ ಪಾಂಡಾಸ್‌ನ 2ನೇ ಆವೃತ್ತಿ, ಎಲ್ಲ ಸಾಲಲ್ಲೂ ತಿಂಗಳೇ ಮೊದಲು, ದಿನ ಆಮೇಲೆ ಅಂದುಕೊಂಡಿತು. ಏಪ್ರಿಲ್ 3 ಹೋಗಿ ಮಾರ್ಚ್ 4 ಆಯಿತು. 25/04/2024 ಸದ್ದಿಲ್ಲದೆ ನ್ಯಾಟ್ ಆಯಿತು. ತಿಂಗಳ 12 ದಾಟಿದ ದಿನಗಳೆಲ್ಲ ಮಾಯ!

ಇದ್ದದ್ದನ್ನು ಇದ್ದ ಹಾಗೇ ಬಿಡುವ ಮೂರನೇ ಆಯ್ಕೆ ಇಗ್ನೋರ್ (ignore) ಬಿಡಿ, ಪಾಂಡಾಸ್ 2.2ರಲ್ಲೇ ಅದಕ್ಕೆ ಎಚ್ಚರಿಕೆ ಬರೋಕೆ ಶುರುವಾಗಿತ್ತು.

ಹಣದ ಲೆಕ್ಕ, ಒಂದೇ ಸಲದ ಕೆಲಸ ಅಂದರೆ ನನ್ನ ಓಟು ರೈಸ್‌ಗೆ. ದಿನಾ ಬರುವ ಗಲೀಜು ಫೈಲಿಗೆ ಕೊಯರ್ಸ್ ಇರಲಿ. ಆದರೆ ದಿನ, ತಿಂಗಳು, ವರ್ಷ ಅಂತ ಫಾರ್ಮ್ಯಾಟ್ ನೀವೇ ಬರೆದುಕೊಡಿ. ಮೊದಲು ಎಷ್ಟು ಖಾಲಿ ಇತ್ತು, ಆಮೇಲೆ ಎಷ್ಟು ನ್ಯಾಟ್ ಆಯಿತು, ಎಣಿಸಿ. ಜಾಸ್ತಿಯಾದ ಸಾಲುಗಳನ್ನು ಮಂಡಿಯವರಿಗೇ ತೋರಿಸಿ ಕೇಳಿ. ‘ನಿನ್ನೇದು’ ಯಾವ ದಿನದ್ದು ಅಂತ ಅವರಿಗೇ ಗೊತ್ತು.